ಉಂಗುರ ನೋಡಿ ಮರ ಬೋಳಿಸಿದರು

ಮಾನ್ಯ ಸಂಪಾದಕರೇ,

ಮಂಗಳವಾರದ ನಿಮ್ಮ ಪತ್ರಿಕೆಯ ಮೂರನೇ ಪುಟದಲ್ಲಿ ‘ಆ್ಯಂಟಿಬಯೋಟಿಕ್‌ಗೆ ಸಡ್ಡು ಹೊಡೆದ ಬೇವಿನೆಲೆ’ ಅಂತ ಬಂದ ವರದಿಗೆ ಈ ಪತ್ರ. ಲ್ಯಾಬಿನ ಪರೀಕ್ಷೆಯಲ್ಲಿ ಬೇವಿನೆಲೆಯ ಸಾರ ಕ್ರಿಮಿ ತಡೆಯುವುದರಲ್ಲಿ ಆ್ಯಂಟಿಬಯೋಟಿಕ್ ಅನ್ನೇ ಮೀರಿಸಿತು ಅನ್ನುವಂತಿತ್ತು ಆ ವರದಿ. ಬರೆದವರಿಗೆ ಅಭಿನಂದನೆ. ನಮ್ಮ ಮನೆ ಮುಂದಿನ ಬೇವಿನ ಮರದಲ್ಲಿ ಈಗ ಎಲೆ ಹುಡುಕಬೇಕು.

ಬುಧವಾರ ಬೆಳಗ್ಗೆ ಐದೂವರೆಗೇ ಗೇಟು ಸದ್ದಾಯಿತು. ಹಾಲಿನವನಿರಬೇಕು ಅಂತ ಹೋದರೆ ಐದಾರು ಜನ, ಕೈಯಲ್ಲಿ ಚೀಲ. ಕೇಳಿದವರು ಇಬ್ಬರು. ಮಿಕ್ಕವರು ಆಗಲೇ ಕಾಂಪೌಂಡ್ ಹತ್ತಿದ್ದರು. ಗುರುವಾರ ದೋಟಿ ಬಂತು. ಶುಕ್ರವಾರ ಕೊಂಬೆ ಮುರಿದು ನನ್ನ ಸ್ಕೂಟರ್ ಮೇಲೆ ಬಿತ್ತು. ಕನ್ನಡಿ ಹೋಯಿತು, ಸೀಟು ಹರಿಯಿತು, ಕೇಬಲ್ ವೈರೂ ಕಿತ್ತು ಬಂತು. ಮನೆಯಾಕೆಗೆ ಧಾರಾವಾಹಿ ಇಲ್ಲ, ಹಾಗಾಗಿ ನನಗೆ ನೆಮ್ಮದಿಯೂ ಇಲ್ಲ. ಯುಗಾದಿಗೆ ಒಂದು ಕಡ್ಡಿ ಬೇವು ಕೊಡಿ ಅಂತ ಸಂಕೋಚದಿಂದ ಕೇಳುತ್ತಿದ್ದವರು ಈಗ ಗೋಣಿಚೀಲ ತರುತ್ತಾರೆ.

ಬೇವಿನ ಮೇಲೆ ನನಗೇನೂ ಸಿಟ್ಟಿಲ್ಲ. ಕಾಲೇಜೊಂದರ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ 26 ವರ್ಷ ಅಟೆಂಡರ್ ಆಗಿದ್ದವನು ನಾನು. ಬೇವು, ತುಳಸಿ, ಲಕ್ಕಿ, ದೊಡ್ಡಪತ್ರೆ ಪರೀಕ್ಷೆ ಮಾಡಿದ ಪ್ಲೇಟುಗಳನ್ನು ತೊಳೆದು ತೊಳೆದೇ ನಿವೃತ್ತನಾದೆ. ಪ್ರತಿ ವರ್ಷ ಪ್ರಾಜೆಕ್ಟ್ ಹುಡುಗರದ್ದು ಇದೇ ಕೆಲಸ. ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್ ಅನ್ನುವ ಒಂದು ಬಗೆಯ ಆಲ್ಕೋಹಾಲ್‌ನಲ್ಲಿ ನೆನೆಹಾಕಿ ಸೋಸುತ್ತಾರೆ. ಆ ಸಾರವನ್ನು 6 ಮಿಲಿಮೀಟರಿನ ಕಾಗದದ ಬಿಲ್ಲೆಗೆ ಹೀರಿಸಿ, ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಸವರಿದ ಅಗರ್ (ಕ್ರಿಮಿ ಬೆಳೆಸುವ ಜೆಲ್ಲಿಯಂಥ ಪದಾರ್ಥ) ಮೇಲೆ ಇಡುತ್ತಾರೆ. ಒಂದು ರಾತ್ರಿ 37 ಡಿಗ್ರಿಯಲ್ಲಿ ಇಟ್ಟರೆ ಬೆಳಗ್ಗೆ ಬ್ಯಾಕ್ಟೀರಿಯಾ ಬೆಳೆದು ಪ್ಲೇಟು ಮಂಜು ಕವಿದ ಗಾಜಿನ ಹಾಗೆ ಆಗಿರುತ್ತದೆ. ಸಾರದಲ್ಲಿ ಸತ್ವ ಇದ್ದರೆ ಬಿಲ್ಲೆಯ ಸುತ್ತ ಮಾತ್ರ ಕ್ರಿಮಿ ಬೆಳೆಯದೆ ತಿಳಿಯಾದ ಉಂಗುರ. ಸ್ಕೇಲು ಇಟ್ಟು ಅದನ್ನು ಅಳೆಯುತ್ತಾರೆ. ನೋಡಲು ಚೆಂದ, ಸುಳ್ಳೇನಲ್ಲ.

ಆದರೆ ಪಕ್ಕದಲ್ಲಿ ಇನ್ನೆರಡು ಬಿಲ್ಲೆ ಇರಲೇಬೇಕು. ಒಂದು ಆ್ಯಂಟಿಬಯೋಟಿಕ್ ಬಿಲ್ಲೆ, ಇನ್ನೊಂದು ಬರೀ ಮೆಥನಾಲ್ ಬಿಲ್ಲೆ. ಕ್ರಿಮಿಯನ್ನು ತಡೆದದ್ದು ಎಲೆಯೋ ಮೆಥನಾಲೋ ಅಂತ ಗೊತ್ತಾಗಬೇಕಲ್ವಾ? ವರದಿಯಲ್ಲಿ ಆ ಮೆಥನಾಲ್ ಬಿಲ್ಲೆಯ ಸುದ್ದಿಯೇ ಇಲ್ಲ. ನೀವೇ ಹಾಕಿದ ಫೋಟೋವನ್ನು ಭೂತಗನ್ನಡಿ ಹಿಡಿದು ನೋಡಿ. ಆ್ಯಂಟಿಬಯೋಟಿಕ್ ಬಿಲ್ಲೆಯ ಉಂಗುರ ಬೇವಿನದಕ್ಕಿಂತ ಎರಡರಷ್ಟಿದೆ! ಸಡ್ಡು ಹೊಡೆದವರು ಯಾರು ಸ್ವಾಮಿ? ಹಾಗೆ ನೋಡಿದರೆ ಉಂಗುರ ಅಳೆದು ಮದ್ದಿನ ಬಲ ಹೇಳುವುದೂ ಕಷ್ಟ. ಕೆಲವು ಸಾರ ಅಗರ್‌ನಲ್ಲಿ ಸರಿಯಾಗಿ ಹರಡುವುದೇ ಇಲ್ಲ. ಇಷ್ಟು ನನ್ನಂಥ ಅಟೆಂಡರ್‌ಗೂ ಗೊತ್ತು.

ಮಿಕ್ಸಿಯಲ್ಲಿ ನೀರು ಹಾಕಿ ರುಬ್ಬಿದ್ದು ಆ ಸಾರ ಅಲ್ಲ. ಮೆಥನಾಲ್ ಹಾಕಿಬಿಟ್ಟೀರಿ ಮತ್ತೆ, ಅದು ವಿಷ. ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂದದ್ದೂ ಒಂದು ಗಿಡದಿಂದ ತೆಗೆದ ಮಲೇರಿಯಾ ಮದ್ದಿಗೇ. ಕುದಿಸಿದರೆ ಸತ್ವ ಕೆಡುತ್ತದೆ ಅಂತ ಕಡಿಮೆ ಬಿಸಿಯಲ್ಲಿ ಈಥರ್ ಅನ್ನುವ ದ್ರಾವಕ ಬಳಸಿ ತೆಗೆದರಂತೆ. ನಮ್ಮ ಬೀದಿಯಲ್ಲಿ ಬೇವನ್ನು ಕುಕ್ಕರಿನಲ್ಲಿ ಮೂರು ವಿಷಲ್ ಕೂಗಿಸುತ್ತಿದ್ದಾರೆ.

ನನ್ನ ಭಾವನವರಿಗೆ ಸಕ್ಕರೆ ಕಾಯಿಲೆ. ಕಾಲ್ಬೆರಳ ಗಾಯಕ್ಕೆ ಡಾಕ್ಟರು ಏಳು ದಿನದ ಮಾತ್ರೆ ಬರೆದಿದ್ದರು. ಮೂರನೇ ದಿನ ನಿಮ್ಮ ವರದಿ ಬಂತು. ಮಾತ್ರೆ ಡಬ್ಬಿಗೆ ಹೋಯಿತು, ಗಾಯಕ್ಕೆ ಬೇವು ಬಂತು. ಅದೂ ನನ್ನದೇ ಮರದ್ದು. ಬೇಡ ಅಂದರೆ ‘ಪೇಪರ್‌ನಲ್ಲೇ ಬಂದಿದೆ ಕಣೋ, ಪ್ಲೇಟ್ ತೊಳೆಯೋನಿಗೆ ಏನು ಗೊತ್ತು’ ಅಂದರು. ಭಾನುವಾರ ರಾತ್ರಿ ಕಾಲು ಬಾತು ಜ್ವರ ಏರಿದಾಗ ಆಟೋ ಹುಡುಕಿದವನು ಈ ಪ್ಲೇಟ್ ತೊಳೆಯೋನೇ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಬೀಗ. ಅದು ಹಗಲು ತೆರೆದಿದ್ದರೂ ಡ್ರೆಸಿಂಗ್ ಮಾಡುವವರು ರಜೆ, ಬಟ್ಟೆ ಖಾಲಿ. ಈ ಬಗ್ಗೆ ಎರಡು ಸಲ ಅರ್ಜಿ ಕೊಟ್ಟಿದ್ದೇನೆ. ಸ್ವೀಕೃತಿ ಚೀಟಿ ಈಗಲೂ ನನ್ನ ಹತ್ತಿರ ಭದ್ರವಾಗಿದೆ.

ಜನಕ್ಕೆ ಸೊಪ್ಪು ಬೇಕಿದ್ದರೆ ಪಾರ್ಕಿನಲ್ಲಿ ‘ಔಷಧಿ ವನ’ ಇದೆಯಲ್ಲ! ಬೋರ್ಡಿನಲ್ಲಿ ಹದಿನಾಲ್ಕು ಗಿಡದ ಹೆಸರು, ಅದಕ್ಕಿಂತ ದಪ್ಪ ಅಕ್ಷರದಲ್ಲಿ ಉದ್ಘಾಟಿಸಿದವರ ಹೆಸರು. ಒಳಗೆ ಬೆಳೆದಿರುವುದು ಪಾರ್ಥೇನಿಯಂ. ಇನ್ನು ಮೆಡಿಕಲ್ ಶಾಪುಗಳು. ಕೆಲವು ಆ್ಯಂಟಿಬಯೋಟಿಕ್‌ಗಳನ್ನು ಡಾಕ್ಟರ ಚೀಟಿ ನೋಡಿ, ಬೇರೆ ಪುಸ್ತಕದಲ್ಲಿ ಬರೆದುಕೊಂಡೇ ಕೊಡಬೇಕು ಅಂತ 2014ರಿಂದ ನಿಯಮ ಇದೆ. ನಮ್ಮಲ್ಲಿ ‘ಎರಡು ಮಾತ್ರೆ ಸಾಕಾ?’ ಅಂತ ಕತ್ತರಿಸಿ ಕೊಡುತ್ತಾರೆ. ತಪಾಸಣೆಗೆ ಬರುವ ಸಾಹೇಬರು ಜೀಪಿನಿಂದ ಇಳಿದದ್ದನ್ನು ನಾನಂತೂ ನೋಡಿಲ್ಲ.

ಪತ್ರಿಕೆ ಕೂಡಲೇ ಸ್ಪಷ್ಟನೆ ಹಾಕಲಿ, ಅದೂ ಮೂರನೇ ಪುಟದಲ್ಲೇ. ಇಲ್ಲವಾದರೆ ನಗರಸಭೆಯವರು ನನ್ನ ಮರಕ್ಕೆ ಕಾವಲು ಹಾಕಲಿ. ಎರಡನ್ನೂ ಮಾಡಿದರೆ ಬೇಡ ಅನ್ನುವುದಿಲ್ಲ. ಆರೋಗ್ಯ ಇಲಾಖೆಯವರು ಇನ್ನಾದರೂ ಏಳಲಿ, ಎದ್ದು ಏನಾದರೂ ಮಾಡಲಿ. ಸ್ಕೂಟರಿನ ಕನ್ನಡಿಗೆ ಯಾರನ್ನು ಕೇಳಬೇಕು ಅನ್ನುವುದನ್ನೂ ತಿಳಿಸಿ.

– ನಿವೃತ್ತ ಲ್ಯಾಬ್ ಅಟೆಂಡರ್, 4ನೇ ಅಡ್ಡರಸ್ತೆ
(ಬೇವಿನ ಮರದ ಮನೆ)