ಬಕೆಟ್ ಆಮೇಲೆ ನೋಡಿ, ಮೊದಲು ಹಿಂದೆ ಏನಿದೆ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮಿನಿ ಟ್ರ್ಯಾಕ್ಟರ್ ಬಗ್ಗೆ ಬಂದ ಬರಹ ಓದಿದೆ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸೋಕೆ, ಚಳಿಗಾಲದಲ್ಲಿ ಹಿಮ ತೆಗೆಯೋಕೆ ಒಂದೇ ಗಾಡಿ ಸಾಕು ಅಂತ ಬರೆದಿದ್ದೀರಿ. ನಿಜ. ಆರು ವರ್ಷದಿಂದ ಓಡಿಸುತ್ತಿದ್ದೇನೆ, ಆ ಮಾತಿಗೆ ನನ್ನ ತಕರಾರಿಲ್ಲ. ತಕರಾರು ಜೊತೆಗೆ ಹಾಕಿದ ಚಿತ್ರದ್ದು. ಟ್ರ್ಯಾಕ್ಟರ್ ಇಳಿಜಾರಿನಲ್ಲಿ ನಿಂತಿದೆ. ಮುಂದಿನ ಬಕೆಟ್ ತುಂಬ ಹಿಮ, ಅದೂ ಬಾನೆಟ್‌ಗಿಂತ ಮೇಲಕ್ಕೆ ಎತ್ತಿದೆ. ಗಾಡಿ ಮಗುಚಿದರೆ ಕಾಪಾಡೋಕೆ ಸೀಟಿನ ಹಿಂದೆ ಇರೋ ಕಬ್ಬಿಣದ ಚೌಕಟ್ಟು, ಅಂದ್ರೆ ರೋಲ್ ಬಾರ್, ಮಡಚಿದೆ. ಹಿಂದುಗಡೆ ಏನೂ ಕಟ್ಟಿಲ್ಲ, ಬರೀ ಬಯಲು. ಸಾಲದ್ದಕ್ಕೆ ಮಡ್‌ಗಾರ್ಡ್ ಮೇಲೆ ಒಬ್ಬ ಹುಡುಗ ನಗ್ತಾ ಕೂತಿದ್ದಾನೆ. ಚಿತ್ರ ಚೆನ್ನಾಗಿದೆ, ಒಪ್ತೀನಿ. ಆದರೆ ಅದನ್ನು ನೋಡಿದಾಗ ನನ್ನ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯ್ತು. ಯಾಕೆ ಅಂತ ಹೇಳೋಕೆ ಈ ಕಾಗದ.

ನನಗೀಗ 58. ಟ್ರ್ಯಾಕ್ಟರ್ ಹತ್ತಿದ್ದು 52ನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಹಿಮ ತೆಗೆಯೋದು ನಮ್ಮ ಯಜಮಾನರ ಕೆಲಸವಾಗಿತ್ತು, ಸಲಿಕೆಯಲ್ಲಿ. ಗೇಟಿನಿಂದ ಮನೆವರೆಗೆ ನಮ್ಮದು ಜಲ್ಲಿ ಹಾಸಿದ ದಾರಿ. 60 ಮೀಟರ್ ಉದ್ದ, 4 ಮೀಟರ್ ಅಗಲ. ಒಂದು ರಾತ್ರಿ 20 ಸೆಂಟಿಮೀಟರ್ ಬಿತ್ತು ಅಂದ್ರೆ 48 ಘನ ಮೀಟರ್ ಹಿಮ. ಹಗುರ ಪುಡಿ ಹಿಮವಾದರೆ ಘನ ಮೀಟರಿಗೆ 100 ಕೆಜಿ ಹಿಡಿಯಿರಿ, ಹತ್ತಿರ ಹತ್ತಿರ 5 ಟನ್. ಚಳಿಗಾಲ ಮುಗಿಯೋ ಹೊತ್ತಿಗೆ ಬೀಳುತ್ತಲ್ಲ, ನೀರು ಕುಡಿದ ಹಿಮ, ಅದು 300 ಕೆಜಿ ತೂಗಿದರೂ ಆಶ್ಚರ್ಯವಿಲ್ಲ. ಆಗ 14 ಟನ್ ದಾಟಿತು. ಇದನ್ನು ಒಬ್ಬ ಮನುಷ್ಯ ಬೆಳಗಿನ ಚಳಿಯಲ್ಲಿ, ಕೆಲಸಕ್ಕೆ ಹೋಗೋ ಅವಸರದಲ್ಲಿ ಎತ್ತಿ ಹಾಕಬೇಕು. ಚಳಿಗೆ ರಕ್ತನಾಳ ಬಿಗಿಯುತ್ತೆ, ಬಿಪಿ ಏರುತ್ತೆ, ಅದರ ಮೇಲೆ ಸಲಿಕೆ. ಒಂದು ದಿನ ಅರ್ಧ ದಾರಿಯಲ್ಲಿ ಸಲಿಕೆ ಊರಿಕೊಂಡು ನಿಂತವರು ಮತ್ತೆ ಎತ್ತಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಸಲಿಕೆ ಅಟ್ಟ ಸೇರಿತು, ಅಂಗಳಕ್ಕೆ 25 ಎಚ್‌ಪಿ ಟ್ರ್ಯಾಕ್ಟರ್ ಬಂತು.

ಮಾರಿದವರು ಒಳ್ಳೇವರೇ. ಎಂಜಿನ್ನಿನ ಬಲ ಹೇಳಿದರು, ಬಕೆಟ್ ಎಷ್ಟು ಎತ್ತುತ್ತೆ ಅಂತ ಎರಡು ಸಲ ಹೇಳಿದರು. ಎತ್ತುವಾಗ ಹಿಂದೆ ಏನು ಕಟ್ಟಿರಬೇಕು ಅಂತ ಮಾತ್ರ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕು ಅಂತ ಗೊತ್ತಿದ್ರೆ ತಾನೇ?

ಮೊದಲನೇ ಚಳಿಗಾಲದ ಕೊನೆ. ರಾತ್ರಿಯೆಲ್ಲ ಒದ್ದೆ ಹಿಮ ಬಿದ್ದಿತ್ತು. ನಮ್ಮ ದಾರಿ ಮನೆ ಕಡೆಯಿಂದ ಗೇಟಿನ ಕಡೆಗೆ ಇಳಿಯುತ್ತೆ. ಗ್ಯಾರೇಜಿನ ಮುಂದೆ ಬಕೆಟ್ ತುಂಬಿಕೊಂಡೆ. ಹಿಮದ ಗುಡ್ಡೆ ಗೇಟಿನ ಪಕ್ಕ, ಅದರ ಮೇಲೆ ಸುರಿಯಬೇಕು. ಹೇಗೂ ಎತ್ತಲೇಬೇಕಲ್ಲ ಅಂತ ಇಲ್ಲಿಂದಲೇ ಎತ್ತಿಕೊಂಡು ಹೊರಟೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಜೋಡಿಸೋ ಫೋರ್ ವೀಲ್ ಲಿವರ್ ಹಾಕಿರಲಿಲ್ಲ. ಹಾಕಿದ್ರೆ ತಿರುಗಿಸೋದು ಕಷ್ಟ, ಇಳಿಯೋಕೆ ಅದ್ಯಾಕೆ ಅನ್ನೋ ಲೆಕ್ಕ ನನ್ನದು. ಪೆಡಲ್ ಮೇಲಿಂದ ಕಾಲು ತೆಗೆದರೆ ಗಾಡಿ ತಾನೇ ನಿಲ್ಲುತ್ತೆ, ಅದು ಅಭ್ಯಾಸವಾಗಿತ್ತು. ಅರ್ಧ ಇಳಿದ ಮೇಲೆ ಕಾಲು ತೆಗೆದೆ. ನಿಲ್ಲಲಿಲ್ಲ. ಬ್ರೇಕ್ ಒತ್ತಿದೆ. ಹಿಂದಿನ ಎರಡೂ ಚಕ್ರ ಕಚ್ಚಿಕೊಂಡು ನಿಂತವು, ಗಾಡಿ ಮಾತ್ರ ಜಾರ್ತಾನೇ ಇತ್ತು. ಸದ್ದಿಲ್ಲ. ಅದೇ ಭಯ ಆಗಿದ್ದು ನನಗೆ, ಸದ್ದೇ ಇಲ್ಲದೆ ಗೇಟಿನ ಕಂಬ ಹತ್ತಿರ ಬರ್ತಾ ಇತ್ತು.

ಏನು ಹೊಳೆಯಿತೋ, ಬಕೆಟ್ ಏರಿಸಿ ಇಳಿಸೋ ಲೋಡರ್ ಲಿವರ್ ಮುಂದಕ್ಕೆ ದಬ್ಬಿದೆ. ಬಕೆಟ್ ಧಡ್ ಅಂತ ಕೆಳಗೆ ಬಿತ್ತು, ಅದರ ಅಂಚು ಜಲ್ಲಿಗೆ ಕಚ್ಚಿಕೊಂಡಿತು, ಗಾಡಿ ನಿಂತಿತು. ಕಂಬಕ್ಕೂ ಬಕೆಟ್ಟಿಗೂ ನಡುವೆ ಒಂದು ಗೇಣು. ಎಂಜಿನ್ ಆರಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಕಿಟಕಿಯಿಂದ ನೋಡುತ್ತಿದ್ದ ಯಜಮಾನರು ಆಮೇಲೆ ಕೇಳಿದರು, “ಅಲ್ಲಿ ಯಾಕೆ ಸುರಿದೆ?”

ಆವತ್ತು ಮಧ್ಯಾಹ್ನ ಮ್ಯಾನ್ಯುಯಲ್ ತೆಗೆದು ಓದಿದೆ. ಮೊದಲೇ ಓದಬೇಕಿತ್ತು, ಹೌದು. ಮಿನಿ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರೋದು ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಮಾತ್ರ. ಬಕೆಟ್ ತುಂಬಿದಾಗ ಏನಾಗುತ್ತೆ? ಏತ ನೆನಪು ಮಾಡಿಕೊಳ್ಳಿ. ಮುಂದಿನ ಚಕ್ರವೇ ಏತದ ಕಂಬ. ಬಕೆಟ್ ಕಡೆ ಭಾರ ಬಿದ್ದರೆ ಹಿಂದಿನ ಕಡೆ ಏಳುತ್ತೆ. ಕಣ್ಣಿಗೆ ಕಾಣೋ ಹಾಗೆ ಏಳಬೇಕು ಅಂತಿಲ್ಲ, ಹಗುರಾದರೂ ಸಾಕು. ಹಗುರಾದ ಚಕ್ರ ನೆಲ ಹಿಡಿಯೋದಿಲ್ಲ. ನೆಲ ಹಿಡಿಯದ ಚಕ್ರಕ್ಕೆ ಬ್ರೇಕ್ ಇದ್ದೇನು ಬಂತು? ಇಳಿಜಾರಿನಲ್ಲಿ ಭಾರ ಇನ್ನೂ ಮುಂದಕ್ಕೆ ವಾಲುತ್ತೆ. ಫೋರ್ ವೀಲ್ ಹಾಕಿದ್ರೆ ಮುಂದಿನ ಚಕ್ರಗಳೂ ಹಿಂದಿನವುಗಳ ಜೊತೆ ಕಟ್ಟುಬೀಳುತ್ತವೆ, ಭಾರ ಹೊತ್ತ ಆ ಚಕ್ರಗಳಿಂದಲೂ ಗಾಡಿ ತಡೆಯಬಹುದು. ಅಂದ್ರೆ ಫೋರ್ ವೀಲ್ ಬೇಕಾಗೋದು ಹತ್ತೋಕೆ ಮಾತ್ರ ಅಲ್ಲ, ಇಳಿಯೋಕೂ ಬೇಕು. ನಾನು ಎಲ್ಲವನ್ನೂ ಉಲ್ಟಾ ಮಾಡಿದ್ದೆ.

ಏತದ ಹಿಂದಿನ ತುದಿಗೆ ಕಲ್ಲು ಕಟ್ಟೋದು ಯಾಕೆ ಅಂತ ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಟ್ರ್ಯಾಕ್ಟರಿಗೂ ಅದೇ ಕಲ್ಲು ಬೇಕು. ಟೈರಿನೊಳಗೆ ದ್ರವ ತುಂಬಿಸೋರಿದ್ದಾರೆ. ಹೆಪ್ಪುಗಟ್ಟೋ ಚಳಿ ಇರೋ ಕಡೆ ಬರೀ ನೀರು ಆಗೋಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ನೀರು ಹೆಪ್ಪುಗಟ್ಟೋದು ತಡ, ಆದರೆ ಸೋರಿದರೆ ರಿಮ್ ತುಕ್ಕು ಹಿಡಿಯುತ್ತೆ. ಅದೂ ಅಲ್ದೆ ಟೈರಿನ ಭಾರ ಹಿಂದಿನ ಚಕ್ರವನ್ನು ನೆಲಕ್ಕೆ ಒತ್ತುತ್ತೆ ಅಷ್ಟೆ, ಮುಂದಿನ ಆಕ್ಸಲ್ ಮೇಲಿನ ಹೊರೆ ಇಳಿಸೋದಿಲ್ಲ. ಭಾರ ಹಿಂದಿನ ಚಕ್ರಕ್ಕಿಂತ ಹಿಂದೆ ತೂಗಬೇಕು, ಆಗ ಎರಡೂ ಆಗುತ್ತೆ. ನಾವು ಮಾಡಿದ್ದು ಇಷ್ಟೆ. 200 ಲೀಟರಿನ ಹಳೇ ಡ್ರಮ್, ಅಡ್ಡಕ್ಕೆ ಒಂದು ದಪ್ಪ ಕಬ್ಬಿಣದ ಸರಳು, ಅರ್ಧಕ್ಕೆ ಕಾಂಕ್ರೀಟ್. ಕಾಂಕ್ರೀಟ್ ಘನ ಮೀಟರಿಗೆ ಸುಮಾರು 2,400 ಕೆಜಿ, ಹಾಗಾಗಿ ಅರ್ಧ ಡ್ರಮ್ಮಿಗೆ 240 ಕೆಜಿ. ನಮ್ಮ ಗಾಡಿಯ ಮ್ಯಾನ್ಯುಯಲ್ ಹೇಳಿದ ಮಿತಿಯೊಳಗೇ ಬಂತು. ಚಳಿಗಾಲ ಶುರುವಾದರೆ ಅದು ಹಿಂದುಗಡೆ ತೂಗ್ತಾ ಇರುತ್ತೆ. ಮೊದಲ ದಿನವೇ ವ್ಯತ್ಯಾಸ ಗೊತ್ತಾಯ್ತು. ಅದೇ ಇಳಿಜಾರು, ಅದೇ ಬಕೆಟ್. ಈಗ ಬಕೆಟ್ ಮೊಣಕಾಲಿಗಿಂತ ಕೆಳಗೆ, ಫೋರ್ ವೀಲ್ ಹಾಕಿ. ಕಾಲು ತೆಗೆದೆ, ನಿಂತಿತು.

ಆ ಡ್ರಮ್ ತೂಗೋ ಮೂರು ತೋಳಿನ ಕಥೆಯೂ ಇಂಥದ್ದೇ. ತ್ರೀ ಪಾಯಿಂಟ್ ಲಿಂಕೇಜ್ ಅಂತಾರಲ್ಲ, ಐರ್ಲೆಂಡಿನ ಹ್ಯಾರಿ ಫರ್ಗುಸನ್ ರೂಪಿಸಿದ್ದು. ಅದಕ್ಕೂ ಮೊದಲು ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೇ ಮಗುಚಿ ಓಡಿಸುವವರು ಸತ್ತದ್ದಿದೆ. ನೇಗಿಲನ್ನೂ ಗಾಡಿಯನ್ನೂ ಒಂದೇ ದೇಹದ ಹಾಗೆ ಜೋಡಿಸಿ, ಎಳೆತದ ಭಾರ ಚಕ್ರಗಳ ಮೇಲೆ ಬೀಳೋ ಹಾಗೆ ಆತ ಮಾಡಿದ. 1939ರಲ್ಲಿ ಫೋರ್ಡ್ ಜೊತೆ ಸೇರಿ ತಂದ 9ಎನ್ ಟ್ರ್ಯಾಕ್ಟರಿನಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂತು. ನನ್ನ ಪುಟ್ಟ ಗಾಡಿಯ ಹಿಂದೆ ಇರೋದೂ ಅದೇ ಮೂರು ತೋಳು. ನಿಮ್ಮ ಚಿತ್ರದಲ್ಲಿ ಅವು ಖಾಲಿ ಜೋತಾಡ್ತಿವೆ, ಅಷ್ಟೆ.

ಇನ್ನು ಒಂದೇ ಗಾಡಿ ಎರಡು ಕೆಲಸ ಅಂದ್ರಲ್ಲ, ಆ ಎರಡು ಕೆಲಸ ಒಂದಕ್ಕೊಂದು ಜಗಳ ಆಡ್ತವೆ ಅನ್ನೋದನ್ನೂ ಬರೆಯಬೇಕಿತ್ತು. ವರ್ಷದ ಮೊದಲ ಹಿಮ ಬೀಳೋ ಹೊತ್ತಿಗೆ ನೆಲ ಇನ್ನೂ ಗಟ್ಟಿಯಾಗಿರೋದಿಲ್ಲ. ಬಕೆಟ್ ತಳ್ಳಿಕೊಂಡು ಹೋದರೆ ಹಿಮದ ಜೊತೆ ಜಲ್ಲಿಯೂ ಎದ್ದು ಹುಲ್ಲಿನ ಮೇಲೆ ಹೋಗಿ ಬೀಳುತ್ತೆ. ಹಿಮ ಕರಗುತ್ತೆ, ಜಲ್ಲಿ ಕರಗೋಲ್ಲ. ಬೇಸಿಗೆಯಲ್ಲಿ ಗಾಡಿಯ ಹೊಟ್ಟೆಗೆ ಹುಲ್ಲು ಕತ್ತರಿಸೋ ಡೆಕ್ ಕಟ್ಟಿ ಅದರ ಮೇಲೆ ಓಡಿಸಿ ನೋಡಿ, ಕಲ್ಲು ಗುಂಡಿನ ಹಾಗೆ ಹಾರುತ್ತೆ. ನಮ್ಮ ಅಡುಗೆಮನೆ ಕಿಟಕಿ ಗಾಜು ಹೋಗಿದ್ದು ಹಾಗೇ. ಆ ವರ್ಷ ನಾಲ್ಕು ದಿನ ಬುಟ್ಟಿ ಹಿಡಿದು ಹುಲ್ಲಿನಲ್ಲಿ ಕಲ್ಲು ಆರಿಸಿದೆ, ಅಕ್ಕಿಯಲ್ಲಿ ಆರಿಸಿದ ಹಾಗೆ. ಈಗ ಒಂದು ಕಬ್ಬಿಣದ ಪೈಪನ್ನು ಉದ್ದಕ್ಕೆ ಸೀಳಿ ಬಕೆಟ್ ಅಂಚಿಗೆ ಸಿಕ್ಕಿಸ್ತೀನಿ. ಅಂಚು ಗುಂಡಗಾಗುತ್ತೆ, ನೆಲ ಅಗೆಯೋದಿಲ್ಲ, ಮೇಲಿಂದ ಜಾರಿಕೊಂಡು ಹೋಗುತ್ತೆ. ಎರಡು ಬೆರಳು ಹಿಮ ಕೆಳಗೆ ಉಳಿಯುತ್ತೆ, ಉಳೀಲಿ ಬಿಡಿ. ನೆಲ ಹೆಪ್ಪುಗಟ್ಟಿದ ಮೇಲೆ ಪೈಪ್ ತೆಗೆದರಾಯ್ತು.

ಹಿಮ ನುಂಗಿ ದೂರಕ್ಕೆ ಉಗುಳೋ ಸ್ನೋ ಬ್ಲೋವರ್ ಬಗ್ಗೆ ನಿಮ್ಮವರು ಚೆನ್ನಾಗಿ ಬರೆದಿದ್ದಾರೆ, ನಾನೇನೂ ಸೇರಿಸೋಲ್ಲ. ಒಂದೇ ಮಾತು. ಹಿಮದಲ್ಲಿ ಹೂತುಹೋದ ದಿನಪತ್ರಿಕೆ ಅದರ ಬಾಯಿಗೆ ಸಿಕ್ಕರೆ ಶಿಯರ್ ಬೋಲ್ಟ್ ಪಟ್ ಅಂತ ತುಂಡಾಗುತ್ತೆ. ಗಿಯರ್ ಉಳಿಸೋಕೆ ತಾನು ಮುರಿಯೋದೇ ಅದರ ಕೆಲಸ, ಹಾಗಾಗಿ ನಾಲ್ಕು ಬೋಲ್ಟ್ ಯಾವಾಗಲೂ ಜೇಬಲ್ಲಿರಲಿ. ಸಿಕ್ಕಿದ್ದು ನಿಮ್ಮ ಪತ್ರಿಕೆ ಅಲ್ಲ, ಗಾಬರಿಯಾಗಬೇಡಿ. ನಿಮ್ಮದನ್ನು ನಾನು ಫೋನಿನಲ್ಲೇ ಓದೋದು.

ರೋಲ್ ಬಾರ್ ಮಾತಿಗೆ ಬರ್ತೀನಿ. ಮರದ ಕೊಂಬೆ ತಾಗುತ್ತೆ, ಗ್ಯಾರೇಜಿನ ಬಾಗಿಲು ತಾಗುತ್ತೆ ಅಂತ ಜನ ಅದನ್ನು ಮಡಚ್ತಾರೆ. ನಾನೂ ಗ್ಯಾರೇಜಿನಲ್ಲಿ ಮಡಚ್ತೀನಿ. ತೊಂದರೆ ಏನಂದ್ರೆ ಹೊರಗೆ ಬಂದ ಮೇಲೆ ಎತ್ತೋದು ಮರೆತುಹೋಗುತ್ತೆ, ಒಂದು ದಿನ ಮರೆತದ್ದು ಇಡೀ ಬೇಸಿಗೆ ಹಾಗೇ ಉಳಿಯುತ್ತೆ. ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ತೂಗುತ್ತೆ. ನಾಲ್ಕು ಚಕ್ರ ಕಂಡರೂ ಗಾಡಿಯ ಮೈ ನಿಂತಿರೋದು ಮುಕ್ಕಾಲಿ ಥರ. ಪಕ್ಕಕ್ಕೆ ವಾಲೋಕೆ ಒಂದು ಗುಂಡಿ ಸಾಕು. ಬಕೆಟ್ ಮೇಲಿದ್ದರೆ ಅದೂ ಬೇಡ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಇಂಥ ರಕ್ಷಣಾ ಚೌಕಟ್ಟು ಕಡ್ಡಾಯ ಮಾಡಿತು, ಗಾಡಿ ಮಗುಚಿ ಸಾಯೋರು ಅಲ್ಲಿ ತುಂಬ ಕಡಿಮೆಯಾದರು. ಇನ್ನೊಂದು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಬಾರ್ ಎತ್ತಿದ್ದಾಗ ಸೀಟ್ ಬೆಲ್ಟ್ ಹಾಕಲೇಬೇಕು, ಬಾರ್ ಮಡಚಿದ್ದಾಗ ಹಾಕಲೇಬಾರದು. ಬೆಲ್ಟ್ ಇಲ್ಲದೆ ಬಾರ್ ಮಾತ್ರ ಇದ್ದರೆ ಉರುಳುವಾಗ ಮನುಷ್ಯ ಹೊರಗೆ ಬಿದ್ದು ಅದೇ ಬಾರಿನ ಕೆಳಗೆ ಸಿಗ್ತಾನೆ. ಬಾರ್ ಇಲ್ಲದೆ ಬೆಲ್ಟ್ ಇದ್ದರೆ ಗಾಡಿಯ ಜೊತೆಗೇ ಹೋಗ್ತಾನೆ.

ಆ ಹುಡುಗನಿಗೆ ಬೆಲ್ಟೂ ಇಲ್ಲ, ಬಾರೂ ಇಲ್ಲ, ಹಿಡಿದುಕೊಳ್ಳೋಕೆ ಮಡ್‌ಗಾರ್ಡಿನ ಅಂಚು ಒಂದೇ. ಅವನ ಕಾಲಿನ ಪಕ್ಕದಲ್ಲೇ ಹಿಂದಿನ ಚಕ್ರ ತಿರುಗ್ತಿರುತ್ತೆ. ಗಾಡಿಗೆ ಇರೋದು ಒಂದೇ ಸೀಟು. ನಮ್ಮ ಮೊಮ್ಮಗಳಿಗೂ ಏರುವಾಸೆ, ಏಳು ವರ್ಷ ಅವಳಿಗೆ. ಎಂಜಿನ್ ಆರಿಸಿ, ಬಕೆಟ್ ನೆಲಕ್ಕಿಳಿಸಿ, ಕೀಲಿ ನನ್ನ ಜೇಬಿಗೆ ಹಾಕಿಕೊಂಡು ಸೀಟಿನ ಮೇಲೆ ಕೂರಿಸ್ತೀನಿ. ಬಾಯಲ್ಲೇ ಡುರ್ ಡುರ್ ಅಂತ ಓಡಿಸ್ತಾಳೆ. “ಅಜ್ಜಿ, ನಿಜವಾಗ್ಲೂ ಯಾವಾಗ ಹೋಗೋದು?” ಅಂತ ಪ್ರತಿ ಸಲ ಕೇಳ್ತಾಳೆ. ಉತ್ತರ ಕೇಳಿ ಪ್ರತಿ ಸಲ ಮುನಿಸಿಕೊಳ್ತಾಳೆ.

ಮುಂದಿನ ಸಲ ಇಂಥ ಬರಹ ಹಾಕುವಾಗ ಒಂದು ಉಪಕಾರ ಮಾಡಿ. ಟ್ರ್ಯಾಕ್ಟರಿನ ಚಿತ್ರ ಹಿಂದಿನಿಂದ ತೆಗೆದದ್ದು ಹಾಕಿ. ಸಿಗದಿದ್ದರೆ ನನ್ನದೇ ಕಳಿಸ್ತೀನಿ. ನೋಡೋಕೆ ಚಂದ ಇಲ್ಲ. ಡ್ರಮ್ ತುಕ್ಕು ಹಿಡಿದಿದೆ, ಕಾಂಕ್ರೀಟ್ ಹಸಿ ಇದ್ದಾಗ ಮೊಮ್ಮಗಳು ಅಂಗೈ ಒತ್ತಿದ ಗುರುತಿದೆ.

ಇಂತಿ,
ನಿಮ್ಮ ಓದುಗಾರ್ತಿ