ಮಗಳಿಗೊಂದು ಪತ್ರ: ಏತರ ಮೇಲೆ ಕೂರುತ್ತೀ?

ಪುಟ್ಟೀ,

ಭಾನುವಾರ ಮೊದಲ ಸಲ ಒಬ್ಬಳೇ ಹೈಡಿನೊಳಗೆ, ಅಂದರೆ ಹಕ್ಕಿಗೆ ಕಾಣದ ಹಾಗೆ ಮರೆಯಾಗುವ ಪುಟ್ಟ ಗುಡಾರದೊಳಗೆ, ಕೂತು ಹಕ್ಕಿ ಫೋಟೊ ತೆಗೀತೀನಿ ಅಂತ ಬರೆದಿದ್ದೀ. ಲೆನ್ಸು, ಬ್ಯಾಟರಿ, ಕಾರ್ಡು, ಎಲ್ಲದರ ಪಟ್ಟಿಯೂ ಇದೆ. ಏತರ ಮೇಲೆ ಕೂರುತ್ತೀ ಅನ್ನೋದು ಮಾತ್ರ ಇಲ್ಲ. ಅದಕ್ಕೇ ಈ ಕಾಗದ.

ಈ ಕೆಲಸಕ್ಕೆ ತಾಳ್ಮೆ ಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಕಂಡಂತೆ ಆ ತಾಳ್ಮೆಯ ಮುಕ್ಕಾಲು ಪಾಲು ಇರುವುದು ಕುರ್ಚಿಯಲ್ಲಿ. ನಾನು ಮೊದಲು ಒಯ್ದದ್ದು ಮಡಚುವ ಮೂರು ಕಾಲಿನ ಸ್ಟೂಲು. ಒಂದು ಗಂಟೆ ಮಹಾರಾಣಿಯ ಹಾಗೆ ಕೂತೆ. ಎರಡನೇ ಗಂಟೆಗೆ ಸೊಂಟ ಹಿಡಿಯಿತು. ಮೂರನೇ ಗಂಟೆಗೆ ಸ್ಟೂಲಿನ ಅಂಚು ತೊಡೆಗೆ ಒತ್ತಿ ಬಲಗಾಲು ಜೋಮು ಹಿಡಿಯಿತು. ಮಿಂಚುಳ್ಳಿ ಬಂದದ್ದು ಆಗಲೇ. ಹತ್ತು ಹೆಜ್ಜೆ ದೂರದ ಕೊಂಬೆ, ಕೊಕ್ಕಿನಲ್ಲಿ ಅಡ್ಡಲಾಗಿ ಸಿಕ್ಕ ಮೀನು. ಅದನ್ನು ಕೊಂಬೆಗೆ ಚಟ್ ಚಟ್ ಅಂತ ಬಡಿಯುತ್ತಿತ್ತು, ನೀರಿನ ಹನಿ ಸಿಡಿಯುತ್ತಿತ್ತು. ಸ್ವಲ್ಪ ಸರಿಯೋಣ ಅಂದುಕೊಂಡರೆ ಕಾಲು ನನ್ನದೇ ಅಲ್ಲ! ಹೋಗಿ ಟ್ರೈಪಾಡಿಗೆ ಬಡಿಯಿತು. ತಲೆಯೆತ್ತಿದಾಗ ಬರೀ ಕೊಂಬೆ ಅಲ್ಲಾಡುತ್ತಿತ್ತು.

ಆದ್ದರಿಂದ ಬೆನ್ನಿಗೆ ಆನಿಕೆಯಿರುವ, ಅಗಲವಾದ ಕುರ್ಚಿ ಒಯ್ಯಿ. ಪಾದ ಪೂರ್ತಿ ನೆಲಕ್ಕೂರಬೇಕು. ಮೊದಲು ಕುರ್ಚಿ ಹಾಕಿ ಕೂತು ನೋಡು, ಆಮೇಲೆ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಏರಿಸು, ಕಿಂಡಿ ತೆರೆಯುವುದು ಕೊನೆಗೆ. ಹೆಚ್ಚಿನವರು ಇದನ್ನು ಉಲ್ಟಾ ಮಾಡಿ ದಿನವಿಡೀ ಕತ್ತು ಬಗ್ಗಿಸಿಕೊಂಡಿರುತ್ತಾರೆ. ಈ ವಾರವೇ ಕೋಣೆಯಲ್ಲಿ ಎರಡು ಗಂಟೆ ಅದೇ ಕುರ್ಚಿಯಲ್ಲಿ ಕೂತು ನೋಡು. ಕಿರ್ ಅನ್ನುವ ಕುರ್ಚಿಯಾದರೆ ಅಲ್ಲೇ ಗೊತ್ತಾಗುತ್ತದೆ.

ಚಳಿ ಗಾಳಿಯಿಂದಷ್ಟೇ ಬರುವುದಲ್ಲ, ನೆಲದಿಂದಲೂ ಹತ್ತುತ್ತದೆ. ಬೂಟಿನ ಕೆಳಗೆ ದಪ್ಪ ರಟ್ಟೋ ಚಾಪೆಯೋ ಇರಲಿ. ಸ್ವೆಟರನ್ನು ಚೀಲದಲ್ಲಿ ಒಯ್ದು ಒಳಗೆ ಕೂತ ಮೇಲೆ ಹಾಕಿಕೋ. ಹಾಕಿಕೊಂಡೇ ನಡೆದರೆ ಬೆವರಿ, ಕೂತ ಅರ್ಧ ಗಂಟೆಗೆ ನಡುಗುತ್ತೀ. ಹತ್ತಿ ಬಟ್ಟೆ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಣ್ಣೆ ತೇವವಾದರೂ ಬೆಚ್ಚಗಿಡುತ್ತದೆ. ಎಷ್ಟೇ ಚಳಿಯಾದರೂ ಒಳಗೆ ಗ್ಯಾಸ್ ಹೀಟರ್ ಮಾತ್ರ ಹಚ್ಚಬೇಡ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ತುಂಬಿಕೊಂಡರೆ ವಾಸನೆಯೂ ಬರುವುದಿಲ್ಲ. ಸೆಕೆಯಾದರೆ ಮೇಲಿನ ಕಿಂಡಿ ತೆರೆ. ಬೆನ್ನ ಹಿಂದಿನದನ್ನು ತೆರೆದರೆ ಬೆಳಕಿನಲ್ಲಿ ನಿನ್ನ ತಲೆ ಹಕ್ಕಿಗೆ ಎದ್ದು ಕಾಣುತ್ತದೆ. ಒಳಗಿನ ತರಗೆಲೆಯನ್ನೆಲ್ಲ ಟಾರ್ಚ್ ಹಾಕಿಕೊಂಡು ಕೋಲಿನಿಂದ ಗುಡಿಸಿ ಹಾಕು: ಸದ್ದೂ ತಪ್ಪುತ್ತದೆ, ಹಾವೋ ಇರುವೆಯೋ ಇದ್ದರೆ ಕಾಣುತ್ತದೆ. ಸೊಳ್ಳೆಗೆ ಡೀಟ್ ಅನ್ನುವ ರಾಸಾಯನಿಕ ಇರುವ ಮುಲಾಮು ಹಚ್ಚಿದರೆ ಅಂಗೈ ಒರೆಸಿಕೊಂಡೇ ಕ್ಯಾಮೆರಾ ಮುಟ್ಟು, ಅದು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ.

ಇನ್ನು ನೀರು. ಮೂತ್ರಕ್ಕೆ ಎದ್ದುಹೋಗಬೇಕಾದೀತು ಅಂತ ಕುಡಿಯದೇ ಕೂರುವುದು ನಮ್ಮ ಹೆಣ್ಣುಮಕ್ಕಳ ಹಳೇ ಚಾಳಿ. ನಾನೂ ಹಾಗೆ ಕೂತು ತಲೆನೋವು ಹಚ್ಚಿಕೊಂಡವಳೇ. ಬಾಯಿ ಅಗಲವಿರುವ, ಮುಚ್ಚಳ ಬಿಗಿಯಾದ ಡಬ್ಬಿಯೊಂದನ್ನು ಒಯ್ಯಿ, ಸಡಿಲ ಪ್ಯಾಂಟು ಹಾಕು. ನಗಬೇಡ, ನಾಲ್ಕನೇ ಗಂಟೆಗೆ ನನ್ನ ನೆನಪಾಗುತ್ತದೆ.

ಕಷ್ಟಪಟ್ಟರೇನೇ ಒಳ್ಳೆಯ ಚಿತ್ರ ಅಂತ ಯಾರಾದರೂ ಹೇಳಿದರೆ ಇಂಗ್ಲೆಂಡಿನ ಕಿಯರ್ಟನ್ ಅಣ್ಣತಮ್ಮಂದಿರ ಹೋರಿಯ ಕಥೆ ಹೇಳು. ಸುಮಾರು 1900ರಲ್ಲಿ ಅವರು ಹೋರಿಯ ಚರ್ಮ ಹೊದಿಸಿ ಟೊಳ್ಳು ಹೋರಿಯೊಂದನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ನಿಂತು ಹಕ್ಕಿ ಫೋಟೊ ತೆಗೆದರು. ಒಮ್ಮೆ ಅಣ್ಣ ರಿಚರ್ಡ್ ಒಳಗೇ ಮೂರ್ಛೆಹೋಗಿ ಹೋರಿ ಸಮೇತ ಉರುಳಿಬಿದ್ದನಂತೆ.

ಹೈಡನ್ನು ಒಂದು ವಾರ ಮೊದಲೇ ನಿಲ್ಲಿಸಿದ್ದು, ಗೂಡಿನಿಂದ ದೂರವಿಟ್ಟದ್ದು ಒಳ್ಳೆಯದಾಯಿತು. ಶನಿವಾರ ರಾತ್ರಿ ಬಸ್ಸಿಗೆ ಬರುತ್ತೇನೆ. ಬೆಳಗ್ಗೆ ಇಬ್ಬರೂ ಒಳಗೆ ಹೋಗೋಣ. ಸ್ವಲ್ಪ ಹೊತ್ತಿಗೆ ನಾನೊಬ್ಬಳೇ, ಹಕ್ಕಿಗಳಿಗೆಲ್ಲ ಕಾಣುವ ಹಾಗೆ ಕೈ ಬೀಸಿಕೊಂಡು ಹೊರಗೆ ಬಂದುಬಿಡುತ್ತೇನೆ. ಬಂದವರು ಹೋದರು ಅಂತ ಅವು ಅಂದುಕೊಳ್ಳಲಿ.

ನಿನ್ನ
ಅಮ್ಮ