ಸರ್ವಜ್ಞನ ಜೊತೆ ಉತ್ತಂಗಿಯವರ ಹೆಸರೂ ಇರಲಿ

ಸಂಪಾದಕರಿಗೆ,
ನಮಸ್ಕಾರ.

ಫೆಬ್ರುವರಿ 20ರ ಸರ್ವಜ್ಞ ಜಯಂತಿಗೆ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಐದಾರು ತ್ರಿಪದಿಗಳನ್ನು ಚೆಂದವಾಗಿ ಬಿಡಿಸಿ ಹೇಳಿದ್ದಾರೆ. ಆದರೆ ಆ ತ್ರಿಪದಿಗಳು ನಮ್ಮ ಕೈಗೆ ಸೇರುವ ಹಾಗೆ ದುಡಿದವರ ಹೆಸರು ಲೇಖನದಲ್ಲಿ ಎಲ್ಲಿಯೂ ಇರಲಿಲ್ಲ. ಲೇಖಕರನ್ನು ದೂರಲಾರೆ. ಮೂವತ್ತು ವರ್ಷ ಕನ್ನಡ ಕಲಿಸಿದ ನಾನೂ ಮಕ್ಕಳಿಗೆ ಆ ಹೆಸರು ಹೇಳಿದ್ದು ಕೊನೆಯ ಕೆಲವು ವರ್ಷಗಳಲ್ಲಿ ಮಾತ್ರ. ಆ ನೋವಿನಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಅವರು ರೆವರೆಂಡ್ ಉತ್ತಂಗಿ ಚನ್ನಪ್ಪ. 1881ರ ಅಕ್ಟೋಬರ್ 28ರಂದು ಧಾರವಾಡದಲ್ಲಿ ಹುಟ್ಟಿದವರು. ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿ ಅವರ ಹಿರಿಯರ ಊರು. ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ ದೈವಶಾಸ್ತ್ರ ಓದಿ ಸಭಾಪಾಲಕರಾದರು, ಎಂದರೆ ಚರ್ಚಿನ ಪಾದ್ರಿಯಾದರು. ಭಾನುವಾರ ಬೋಧನೆ, ಮದುವೆ, ದೀಕ್ಷಾಸ್ನಾನ, ಮಣ್ಣು, ಕಾಯಿಲೆಯವರ ಭೇಟಿ ಎಂದು ಸಭಾಪಾಲಕರಿಗೆ ಬಿಡುವೆಂಬುದೇ ಇರುವುದಿಲ್ಲ. ಅದರ ನಡುವೆಯೇ ತಾಳೆಗರಿ, ಹಳೆಯ ಕೈಬರಹ, ಹಳ್ಳಿಗರ ಬಾಯಿ ಎಲ್ಲವನ್ನೂ ತಡಕಿ ಸರ್ವಜ್ಞನ ಸುಮಾರು 2,000 ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ‘ತಿರುಳ್ಗನ್ನಡದ ತಿರುಕ’ ಎಂದು ಜನ ಅವರನ್ನು ಕರೆದದ್ದು ಸುಮ್ಮನೆ ಅಲ್ಲ.

ಆ ಕೆಲಸದ ತೂಕ ನನಗೆ ತಿಳಿದದ್ದು ನಮ್ಮವ್ವನಿಂದ. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಸುಕಿನಲ್ಲಿ ಜೋಳ ಬೀಸುವಾಗ ತ್ರಿಪದಿ ಹಾಡುತ್ತಿದ್ದಳು. ಕೆಲವು ಬೀಸುವ ಪದ, ಕೆಲವು ಸರ್ವಜ್ಞನವು. ಬೀಸುಕಲ್ಲಿನ ಗೂಟ ಹಿಡಿದ ಕೈ ಒಂದು ಸುತ್ತು ಬರುವಷ್ಟರಲ್ಲಿ ಒಂದು ಸಾಲು ಮುಗಿಯಬೇಕು. ಮೂರನೆಯ ಸಾಲಿಗೆ ಕಲ್ಲು ತುಸು ನಿಧಾನವಾಗುತ್ತಿತ್ತು, ಆಗ ಎಡಗೈಯಿಂದ ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಸುರಿಯುತ್ತಿದ್ದಳು. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಪಠ್ಯಪುಸ್ತಕ ತಂದು, ‘ಅವ್ವಾ, ನೀ ತಪ್ಪು ಹಾಡ್ತಿ, ಇಲ್ಲಿ ಬ್ಯಾರೆ ಐತಿ’ ಎಂದೆ. ಅವ್ವ ಕಲ್ಲು ನಿಲ್ಲಿಸದೆ, ‘ಬರದಾವ್ರು ಕೇಳಿದ್ದು ಹಂಗಿರಬೇಕು, ನಾ ಕೇಳಿದ್ದು ಹಿಂಗ’ ಎಂದಳು.

ಆಗ ನನಗದು ಮೊಂಡುತನ ಅನ್ನಿಸಿತ್ತು. ಬಾಯಿಂದ ಬಾಯಿಗೆ ಬಂದ ಪದ ಊರಿಗೊಂದು ರೂಪ ತಾಳುತ್ತದೆ, ಪ್ರತಿ ರೂಪಕ್ಕೂ ಯಾರೋ ಕಿವಿ ಕೊಡಬೇಕು ಎಂದು ಗೊತ್ತಾಗುವ ಹೊತ್ತಿಗೆ ಅವ್ವ ಇರಲಿಲ್ಲ. ಅವಳ ಬಾಯಲ್ಲಿದ್ದ ಪದಗಳಲ್ಲಿ ಒಂದನ್ನೂ ನಾನು ಬರೆದಿಟ್ಟುಕೊಳ್ಳಲಿಲ್ಲ. ಮನೆಯ ಮಗಳೇ ಮಾಡದ ಕೆಲಸವನ್ನು ಒಬ್ಬ ಪಾದ್ರಿ ಸಾವಿರಾರು ಪದಗಳಿಗೆ ಮಾಡಿದರು.

ಅವರ ಕೆಲಸ ಸರ್ವಜ್ಞನಿಗೇ ಮುಗಿಯಲಿಲ್ಲ. ಬಸವಣ್ಣನವರ ಮೇಲೆ ಬರೆದರು. ಅನುಭವ ಮಂಟಪ ಇದ್ದದ್ದೇ ಹೌದೇ ಎಂಬ ಪ್ರಶ್ನೆ ಎದ್ದಾಗ ಅದರ ಐತಿಹಾಸಿಕತೆಯ ಪರವಾಗಿ ಆಧಾರ ಹುಡುಕಿ ಪುಸ್ತಕವನ್ನೇ ಬರೆದರು. ಸೊನ್ನಲಿಗೆಯ ಸಿದ್ಧರಾಮನ ಸಾಹಿತ್ಯವನ್ನು ಸಂಗ್ರಹಿಸಿ 1955ರಲ್ಲಿ ಕೊಟ್ಟರು. ಇಷ್ಟೆಲ್ಲ ಮಾಡಿದವರು ಕ್ರಿಸ್ತನನ್ನು ಬಿಟ್ಟವರಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಪುಸ್ತಕ ಬರೆದವರೂ ಅವರೇ. ಆ ಹೆಸರಿನಲ್ಲಿರುವ ‘ವಿನಂತಿ’ ಎಂಬ ಮಾತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಕಲಬುರಗಿಯ ಮೇಲಿದ್ದ ನಿಜಾಮರ ಆಳ್ವಿಕೆ 1948ರ ಸೆಪ್ಟೆಂಬರ್‌ನಲ್ಲಿ ಮುಗಿದಿತ್ತು. ಮರುವರ್ಷ ಕಲಬುರಗಿಯಲ್ಲಿ 32ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ಕನ್ನಡಿಗರು ಅಧ್ಯಕ್ಷರ ಪೀಠದಲ್ಲಿ ಕೂರಿಸಿದ್ದು ಇವರನ್ನೇ. ಅಂಥವರನ್ನು 1962ರಲ್ಲಿ ತೀರಿಕೊಂಡ ಮೇಲೆ ಇಷ್ಟು ಬೇಗ ಮರೆತೆವಲ್ಲ! ಕಿಟೆಲ್ಲರ ನಿಘಂಟನ್ನು ನೆನೆಯುತ್ತೇವೆ, ಬೆಂಗಳೂರಿನಲ್ಲಿ ಅವರ ಪ್ರತಿಮೆ ಇದೆ, ಇರಲೇಬೇಕು. ಧಾರವಾಡದ ಮಣ್ಣಿನ ಮಗನ ಹೆಸರು ಮಾತ್ರ ನನ್ನ ವಿದ್ಯಾರ್ಥಿಗಳಲ್ಲಿ ಕನ್ನಡ ಎಂ.ಎ. ಮುಗಿಸಿದ ಕೆಲವರಿಗೂ ಹೊಸದಾಗಿತ್ತು.

ನನ್ನ ಬೇಡಿಕೆ ದೊಡ್ಡದಲ್ಲ. ಪತ್ರಿಕೆಯಲ್ಲಾಗಲಿ ಪಠ್ಯದಲ್ಲಾಗಲಿ ಸರ್ವಜ್ಞನ ಪರಿಚಯ ಬರೆಯುವಾಗ ‘ಸಂಗ್ರಹಿಸಿದವರು: ಉತ್ತಂಗಿ ಚನ್ನಪ್ಪ’ ಎಂಬ ಒಂದು ಸಾಲು ಹಾಕಿ. ಈ ಅಕ್ಟೋಬರ್ 28ಕ್ಕೆ ತಮ್ಮ ಪತ್ರಿಕೆಯಲ್ಲಿ ಅವರಿಗಾಗಿ ಅರ್ಧ ಪುಟ ಕೊಡಿ.

ಕೊನೆಗೆ ಓದುಗರಲ್ಲಿ ಒಂದು ಕೋರಿಕೆ. ನನ್ನ ಬಳಿ ಇರುವ ಸರ್ವಜ್ಞನ ವಚನಗಳ ಹಳೆಯ ಪ್ರತಿ ನಮ್ಮಪ್ಪ ಕೊಂಡದ್ದು. ಹೊಲಿಗೆ ಬಿಚ್ಚಿ ಕೊನೆಯ ಪುಟಗಳು ಹೋಗಿವೆ, ಉಳಿದವನ್ನು ಗೆದ್ದಲು ಅಂಚಿನಲ್ಲಿ ಕಡಿದಿದೆ. ಒಂದು ಗ್ರಂಥಾಲಯಕ್ಕೆ ಮೂರು ಸಲ ಅಲೆದೆ; ಪಟ್ಟಿಯಲ್ಲಿ ಪುಸ್ತಕ ಇದೆ, ಕಪಾಟಿನಲ್ಲಿ ಇಲ್ಲ. ಯಾರ ಮನೆಯ ಅಟ್ಟದ ಮೇಲಾದರೂ ಉತ್ತಂಗಿಯವರ ಆವೃತ್ತಿಯ ಪೂರ್ಣ ಪ್ರತಿ ಇದ್ದರೆ ಪತ್ರಿಕೆಯ ಮೂಲಕ ತಿಳಿಸಿ. ನಾನೇ ಬಂದು, ನಿಮ್ಮ ಮನೆಯಲ್ಲೇ ಕೂತು, ಬೇಕಾದ ಪುಟಗಳನ್ನು ಕೈಯಲ್ಲಿ ಬರೆದುಕೊಂಡು ಹೋಗುತ್ತೇನೆ.

– ನಿವೃತ್ತ ಕನ್ನಡ ಶಿಕ್ಷಕಿ, ಬೆಟಗೇರಿ